ಬೋಗುಣಿಯ ಕೆಳಗಿನ ತಂಗಳು

ನಮ್ಮ ಅಡುಗೆಮನೆಗೂ ನನ್ನ ನೆಗೆಣ್ಣಿಯ ಅಡುಗೆಮನೆಗೂ ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು. ಮೊದಲು ಅದು ಒಂದೇ ಉದ್ದನೆಯ ಅಡುಗೆಮನೆಯಾಗಿತ್ತು. ಹದಿನಾರು ವರ್ಷದ ಹಿಂದೆ ನಾವಿಬ್ಬರು ಜಗಳಾಡಿ ಬೇರೆಯಾದಾಗ ಗೌಂಡಿಯೊಬ್ಬ ಬಂದು ಎರಡು ದಿನದಲ್ಲಿ ಆ ಗೋಡೆ ಎಬ್ಬಿಸಿ ಹೋದ. ಅದಕ್ಕೆ ಗಿಲಾವು ಮಾಡಿಸುವ ಉಮೇದು ಯಾರಿಗೂ ಇರಲಿಲ್ಲ. ಇವತ್ತಿಗೂ ಅದು ಬರೀ ಇಟ್ಟಿಗೆಯೇ.

ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಗೋಡೆಗೆ ಮೂಗೂ ಇತ್ತು. ಅವಳು ಬೆಳ್ಳುಳ್ಳಿ ಒಗ್ಗರಣೆ ಹಾಕಿದರೆ ನನಗೆ ಗೊತ್ತಾಗುತ್ತಿತ್ತು, ನಾನು ಮೆಣಸಿನಕಾಯಿ ಹುರಿದರೆ ಆ ಬದಿಗೆ ಅವಳು ಕೆಮ್ಮುತ್ತಿದ್ದಳು. ಸಂಜೆ ಇಬ್ಬರೂ ರೊಟ್ಟಿ ಬಡಿಯಲು ಕೂರುವ ಹೊತ್ತು ಹೆಚ್ಚುಕಡಿಮೆ ಒಂದೇ. ಅವಳ ಬಡಿತ ನನ್ನದಕ್ಕಿಂತ ಚುರುಕು. ಅದನ್ನು ಕೇಳುತ್ತ ಕೇಳುತ್ತ ನನ್ನ ಕೈಯೂ ಚುರುಕಾಗುತ್ತಿತ್ತು. ಆದರೆ ಹದಿನಾರು ವರ್ಷದಲ್ಲಿ ನಾವು ಒಂದು ಮಾತೂ ಆಡಲಿಲ್ಲ. ನಮ್ಮ ಗಂಡಂದಿರು ಮಾತ್ರ ಮೂಲೆಯ ಹೋಟೆಲಿನಲ್ಲಿ ಕೂತು ಒಟ್ಟಿಗೆ ಚಹಾ ಕುಡಿದು ಬರುತ್ತಿದ್ದರು. ಜಗಳವನ್ನು ಹೊತ್ತು ತಿರುಗುವ ಕೆಲಸ ಹೆಂಗಸರ ಪಾಲಿನದು, ನಾವದನ್ನು ಚೊಕ್ಕಟವಾಗಿ ಮಾಡಿದೆವು.

ಹೋದ ವರ್ಷ ದಸರೆಗೆ ಮುಂಚೆ ಆ ಬದಿಯ ಬಡಿತ ನಿಂತಿತು.

ಮೊದಲ ದಿನ ಊರಿಗೆ ಹೋಗಿರಬೇಕು ಅಂದುಕೊಂಡೆ. ಅವಳ ತವರು ಬಸವನ ಬಾಗೇವಾಡಿ. ಮೂರನೆಯ ದಿನ ನಮ್ಮವರೇ ಹೇಳಿದರು. ಅವಳಿಗೆ ಮೊದಲೇ ಸಕ್ಕರೆ ಕಾಯಿಲೆ ಇತ್ತು, ಈಗ ಹೃದಯವೂ ಸೋತಿದೆಯಂತೆ, ವಿಜಯಪುರದಲ್ಲಿ ದವಾಖಾನೆಗೆ ಹಾಕಿದ್ದಾರಂತೆ. ಅವತ್ತು ರೊಟ್ಟಿ ಬಡಿಯುವಾಗ ಒಂದೂ ದುಂಡಗೆ ಆಗಲಿಲ್ಲ.

ಹತ್ತು ದಿನದ ಮೇಲೆ ಅವಳನ್ನು ಮನೆಗೆ ಕರೆತಂದರು. ಮುದ್ದೇಬಿಹಾಳಕ್ಕೆ ಕೊಟ್ಟ ಮಗಳು ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು ಬಂದು ಒಂದು ವಾರ ಇದ್ದಳು. ಕೂಸಿಗೆ ಜ್ವರ ಹತ್ತಿತು, ಅವಳ ಅತ್ತೆಯ ಮನೆಯಿಂದ ಫೋನಿನ ಮೇಲೆ ಫೋನು. ಮೈದುನ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸದವನು. ಕಾಲುವೆಗೆ ನೀರು ಬಿಟ್ಟ ದಿನಗಳು, ಎರಡು ದಿನ ತಡೆದು ಬರುತ್ತೇನೆ ಎಂದಿದ್ದ. ಮಗಳು ಅಳುತ್ತಲೇ ಬಸ್ಸು ಹತ್ತಿದಳು. ಇದನ್ನೆಲ್ಲ ನನಗೆ ಹೇಳಿದವರು ಎದುರುಮನೆಯ ಖಾಲಾ. ನಲವತ್ತು ವರ್ಷದಿಂದ ಅದೇ ಓಣಿಯಲ್ಲಿ ಹೊಲಿಗೆ ಮಾಡುತ್ತಿರುವ ಮುದುಕಿ, ಎರಡೂ ಮನೆಯ ಹೆಂಗಸರ ರವಿಕೆಯ ಅಳತೆ ಅವರ ಬಾಯಲ್ಲಿದೆ.

"ನಿನ್ನಿಯಿಂದ ಏನೂ ತಿಂದಿಲ್ಲ ಆಕಿ. ನಾ ಗಂಜಿ ಕೊಟ್ಟೆ, ಹಂಗ ಇಟ್ಟಾಳ. ನಿಮ್ಮ ಗ್ವಾಡಿ ಇನ್ನೂ ಎಷ್ಟ್ ವರ್ಷ ನಿಲ್ಲಬೇಕವ್ವಾ?" ಎಂದರು ಖಾಲಾ.

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ, ಹೋಗುವುದು ತಡ. "ಗ್ವಾಡಿ ನಾ ಕಟ್ಟಿಸಿಲ್ಲರಿ" ಎಂದು ಒಳಗೆ ಬಂದೆ. ಬಂದು ಆ ಇಟ್ಟಿಗೆಗಳನ್ನೇ ನೋಡುತ್ತ ಕೂತೆ.

ಜಗಳ ಹುಟ್ಟಿದ್ದು ತಂಗಳು ರೊಟ್ಟಿಯಿಂದ. ಹೇಳಿದರೆ ಯಾರೂ ನಂಬುವುದಿಲ್ಲ.

ನಾನು ಇಂಡಿ ಕಡೆಯ ಅಗರಖೇಡದಿಂದ ಈ ಸಿಂದಗಿಯ ಮನೆಗೆ ಸೊಸೆಯಾಗಿ ಬಂದಾಗ ನಮ್ಮ ಅತ್ತೆಯ ಒಂದು ಕಾಯದೆ ಇತ್ತು: ಅನ್ನ, ರೊಟ್ಟಿ ಯಾವುದನ್ನೂ ಹೊರಗೆ ಚೆಲ್ಲುವಂತಿಲ್ಲ. ಚೆಲ್ಲಬಾರದು ನಿಜ. ಆದರೆ ಉಳಿದದ್ದನ್ನು ಯಾರು ತಿನ್ನಬೇಕು ಎಂಬುದೂ ಆ ಕಾಯದೆಯಲ್ಲಿಯೇ ಇತ್ತು. ಗಂಡಸರಿಗೆ ಬಿಸಿ, ಮಕ್ಕಳಿಗೆ ಬಿಸಿ, ಸೊಸೆಗೆ ತಂಗಳು. ಎಂಟು ವರ್ಷ ನಾನೊಬ್ಬಳೇ ಸೊಸೆ, ನಾನೊಬ್ಬಳೇ ತಿಂದೆ. ಆಮೇಲೆ ಈ ನೆಗೆಣ್ಣಿ ಬಂದಳು. ಕಡ್ಡಿಯಂಥ ಹುಡುಗಿ, ವರ್ಷ ತುಂಬುವುದರೊಳಗೆ ಬಸುರಿ. ಈಗ ತಂಗಳು ಇವಳ ತಟ್ಟೆಗೆ ಬೀಳುತ್ತದೆ ಎಂದು ನನಗೆ ಗೊತ್ತಿತ್ತು. ಬೀಳಬಾರದು ಅನ್ನಿಸಿತು. ಅತ್ತೆಯ ಎದುರು ನಿಂತು ಹೇಳುವ ಧೈರ್ಯ ಇರಲಿಲ್ಲ. ಅದಕ್ಕೆ ಒಂದು ಉಪಾಯ ಮಾಡಿದೆ. ದಿನಾ ಉಳಿದ ರೊಟ್ಟಿಯನ್ನು ಅತ್ತೆಯ ಕಣ್ಣಿಗೆ ಬೀಳುವ ಮೊದಲೇ ಎತ್ತಿ, ಮೂಲೆಯ ಗೋಡೆಯಲ್ಲಿದ್ದ ಗೂಡಿನಂಥ ಮಾಡದಲ್ಲಿಟ್ಟು, ಮೇಲೆ ಒಂದು ಹಿತ್ತಾಳೆ ಬೋಗುಣಿ ಬೋರಲು ಮುಚ್ಚಿಡುತ್ತಿದ್ದೆ. ಎಲ್ಲರದೂ ಊಟವಾದ ಮೇಲೆ ಪಡಸಾಲೆಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಕೂತು, ಒಂದು ಉಳ್ಳಾಗಡ್ಡಿ ಜಜ್ಜಿಕೊಂಡು ಅದನ್ನು ತಿಂದುಬಿಡುತ್ತಿದ್ದೆ. ಅವಳಿಗೆ ಬಿಸಿ ರೊಟ್ಟಿ ಸಿಗುತ್ತಿತ್ತು. ಏಕೆ ಸಿಗುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ. ಹೇಳಿದರೆ ಉಪಕಾರ ಮಾಡಿ ತೋರಿಸಿಕೊಂಡಂತೆ ಎಂಬ ಹಮ್ಮು ನನ್ನದು.

ಅವಳು ನೋಡಿದ್ದು ಬೇರೆ. ಅಕ್ಕ ದಿನಾ ಏನನ್ನೋ ಬೋಗುಣಿಯ ಕೆಳಗೆ ಬಚ್ಚಿಡುತ್ತಾಳೆ, ಎಲ್ಲರೂ ಎದ್ದ ಮೇಲೆ ಗೋಡೆಗೆ ಮುಖ ಮಾಡಿ ಒಬ್ಬಳೇ ತಿನ್ನುತ್ತಾಳೆ. ತುಪ್ಪವೋ, ಕೆನೆಯೋ, ತವರಿನಿಂದ ಬಂದ ಶೇಂಗಾ ಹೋಳಿಗೆಯೋ. ಹೊಸದರಲ್ಲಿ ನಕ್ಕು ಸುಮ್ಮನಿದ್ದಿರಬೇಕು. ವರ್ಷ ಹೋದಂತೆ ಅದು ಮನಸ್ಸಿನಲ್ಲಿ ಹೆಪ್ಪುಗಟ್ಟಿತು.

ಅವಳ ಮಗಳಿಗೆ ಆಗ ಏಳು ವರ್ಷ. ಮಳೆಗಾಲದ ಒಂದು ದಿನ ಆ ಹುಡುಗಿ ಸಾಲೆಯಿಂದ ಬಂದವಳೇ ಸ್ಟೂಲು ಹತ್ತಿ ಬೋಗುಣಿ ಎತ್ತಲು ಕೈ ಹಾಕಿತು. "ದೊಡ್ಡವ್ವ, ಇದರ ಕೆಳಗ ಏನೈತಿ? ನನಗೂ ಕೊಡ" ಎಂದಿತು. ಅವತ್ತಿನ ರೊಟ್ಟಿ ಬೂಸು ಬಂದು ಹಸಿರುಗಟ್ಟಿತ್ತು. ನಾನಾದರೆ ಕೆರೆದು ತಿನ್ನುವವಳು, ಕೂಸಿನ ಹೊಟ್ಟೆಗೆ ಹೋದರೆ ಏನು ಗತಿ? ಗಾಬರಿಯಲ್ಲಿ ಅದರ ಕೈ ಮೇಲೆ ಫಟ್ ಎಂದು ಹೊಡೆದು, "ಅದು ನಿನಗಲ್ಲ!" ಎಂದು ಚೀರಿದೆ. ಬಾಗಿಲಲ್ಲಿ ಇವಳು ನಿಂತಿದ್ದಳು.

ಅವತ್ತು ಅವಳು ಆಡಿದ ಮಾತು ಒಂದೊಂದೂ ನೆನಪಿದೆ, ಬರೆಯುವುದಿಲ್ಲ. ನಾನು ಆಡಿದ್ದೂ ಕಡಿಮೆ ಇರಲಿಲ್ಲ. ಬೋಗುಣಿ ಎತ್ತಿ ತೋರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ತೋರಿಸಲಿಲ್ಲ. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತವಳು ನನ್ನನ್ನು ಕೂಸಿನ ಬಾಯಿಂದ ಕಸಿದು ತಿನ್ನುವವಳು ಅಂದುಕೊಂಡಳಲ್ಲ, ಅಂದುಕೊಳ್ಳಲಿ, ನನಗೇನು ಎಂದು ತುಟಿ ಕಚ್ಚಿ ನಿಂತೆ. ಕೊನೆಗೆ ಅವಳು ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ಇನ್ನ ನಿನ್ನ ಒಲಿ ಮ್ಯಾಲಿಂದು, ನಿನ್ನ ಮನಿ ಉಪ್ಪು ನನ್ನ ಬಾಯಿಗಿ ಹೋದ್ರ ಈ ನನ್ನ ಕೂಸಿನ ಮ್ಯಾಲ ಆಣಿ!"

ಹೆತ್ತ ಕೂಸಿನ ಮೇಲಿನ ಆಣೆ. ಅದನ್ನು ಮುರಿಯುವ ತಾಯಿ ನಮ್ಮ ಕಡೆ ಇಲ್ಲ. ಪಾತ್ರೆ ಪಾಲು ಮಾಡುವಾಗ ಅವಳು ಹಠ ಹಿಡಿದು ಕೇಳಿದ್ದು ಒಂದೇ, ಆ ಹಿತ್ತಾಳೆ ಬೋಗುಣಿ. ಒಯ್ಯಲಿ ಎಂದೆ. ಬೇರೆಯಾದ ಮೇಲೆ ನಾನು ಒಂದು ದಿನವೂ ತಂಗಳು ತಿನ್ನಲಿಲ್ಲ. ಉಳಿದರೆ ಬೀದಿಯ ದನಕ್ಕೆ ಹಾಕಿದೆ. ಅದೂ ಒಂದು ಸೇಡು, ಯಾರ ಮೇಲೆ ಎಂದು ಮಾತ್ರ ಕೇಳಬೇಡಿ.

ಹೀಗಾಗಿ ಖಾಲಾ ಬಂದು ಹೋದ ಆ ಸಂಜೆ ನನ್ನ ಮುಂದಿದ್ದ ತೊಡಕು ಇದು. ಆ ಬದಿಗೆ ಒಬ್ಬಳು ಹಸಿದು ಮಲಗಿದ್ದಾಳೆ. ಈ ಬದಿಗೆ ನನ್ನ ಅಡುಗೆ ತಯಾರಿದೆ. ಒಯ್ದು ಕೊಟ್ಟರೆ ಅವಳು ಮುಟ್ಟುವುದಿಲ್ಲ, ನನಗೂ ಅವಳಿಂದ ಆಣೆ ಮುರಿಸುವ ಎದೆಯಿಲ್ಲ. ಆ ಕೂಸೇ ಈಗ ಒಂದು ಕೂಸಿನ ತಾಯಿ.

ದೀಪ ಹಚ್ಚುವ ಹೊತ್ತಿಗೆ ಎದ್ದೆ. ಸೆರಗಿಗೆ ಕೈ ಒರೆಸಿಕೊಂಡು ಬೀದಿಗೆ ಇಳಿದು ಅವಳ ಬಾಗಿಲು ಹೊಕ್ಕೆ. ಹತ್ತು ಹೆಜ್ಜೆ, ಹದಿನಾರು ವರ್ಷ.

ಪಡಸಾಲೆಯಲ್ಲಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಾಲು ಬಾತುಕೊಂಡಿದ್ದವು, ಮುಖ ಮಾತ್ರ ಸೊರಗಿ ಹಿಡಿಯಷ್ಟಾಗಿತ್ತು. ನನ್ನನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ನಿನ್ನ ಮನಿಂದು ಏನೂ ತಂದಿಲ್ಲ ಹೌದಲ್ಲೋ?" ಎಂದಳು.

ಎರಡೂ ಕೈ ಚಾಚಿ ತೋರಿಸಿದೆ. "ನಿನ್ನ ಆಣಿ ನನ್ನ ಮನಿ ಉಪ್ಪಿನ ಮ್ಯಾಲ ಐತಿ. ನನ್ನ ಕೈ ಮ್ಯಾಲ ಇಲ್ಲ. ನಿನ್ನ ಮನ್ಯಾಗ ಇದ್ದದ್ದರಾಗ ಮಾಡತೇನಿ, ನಿನ್ನ ಒಲಿ ಮ್ಯಾಲ. ನಡೀತದಿಲ್ಲೋ ಹೇಳು."

ಅವಳ ತುಟಿಯ ಒಂದು ಕೊನೆ ನಕ್ಕಂತಾಯಿತು. "ವಕೀಲಕಿ ಆಗಬೇಕಾಗಿತ್ತು ನೀ" ಎಂದಳು.

ಅವಳ ಅಡುಗೆಮನೆಯಲ್ಲಿ ಏನೆಲ್ಲಿದೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾವು ಕೂಡಿ ಇದ್ದಾಗ ಹೇಗಿತ್ತೋ ಹಾಗೆಯೇ ಇಟ್ಟುಕೊಂಡಿದ್ದಳು. ಕೆಳಗಿನ ಸಾಲಿಗೆ ಬೇಳೆಯ ಡಬ್ಬಿ, ಮೇಲಿನ ಸಾಲಿಗೆ ಹಿಂಡಿಯ ಡಬ್ಬಿಗಳು. ನಮ್ಮಲ್ಲಿ ಚಟ್ನಿಪುಡಿಗೆ ಹಿಂಡಿ ಎನ್ನುತ್ತೇವೆ. ಅಗಸೆಯದೊಂದು, ಗುರೆಳ್ಳಿನದೊಂದು, ಶೇಂಗಾದ್ದೊಂದು. ಮಾಡದ ತುದಿಯಲ್ಲಿ ಆ ಹಿತ್ತಾಳೆ ಬೋಗುಣಿ ಬೋರಲು ಕೂತಿತ್ತು. ಹುಣಸೆಹಣ್ಣು ಹಚ್ಚಿ ತೊಳೆದು ತೊಳೆದು ಫಳಫಳ ಅನ್ನುತ್ತಿತ್ತು, ಆದರೆ ಅದರ ಕೆಳಗೆ ಏನೂ ಇರಲಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಡಾಕ್ಟರ್ ಕೊಟ್ಟ ಊಟದ ಕಾಗದ ಅಂಟಿಸಿದ್ದರು. ಉಪ್ಪು, ಎಣ್ಣೆ ಕಡಿಮೆ. ಸಕ್ಕರೆ ಬೇಡ. ಅನ್ನ ಬಿಟ್ಟು ಜೋಳದ ರೊಟ್ಟಿ, ಬೇಳೆ, ಕಾಳು, ಸೊಪ್ಪು. ಸ್ವಲ್ಪ ಸ್ವಲ್ಪವೇ ಊಟ. ಓದಿ ನಗು ಬಂತು. ನಮ್ಮ ಅತ್ತೆ ಬರೆಸಿದ ಹಾಗಿತ್ತು.

ಒಳಗೆ ಮಗಳು ಬಿಟ್ಟುಹೋದದ್ದು ಇಷ್ಟು: ಒಂದು ವಾಟಗದ ತುಂಬ ಬೇಯಿಸಿದ ತೊಗರಿಬೇಳೆ, ಒಂದು ಹಿಡಿ ಮೊಳಕೆಯೊಡೆದ ಹೆಸರುಕಾಳು, ಅರ್ಧ ಹಳದಿಗೆ ತಿರುಗಿದ ಒಂದು ಕಟ್ಟು ಮೆಂತ್ಯದ ಸೊಪ್ಪು, ಹುಳಿಯಾದ ಮಜ್ಜಿಗೆ. ಹೊರಗೆ ಬುಟ್ಟಿಯಲ್ಲಿ ಅರಿವೆ ಸುತ್ತಿದ ಐದು ರೊಟ್ಟಿ. ಎರಡು ದಿನದ್ದು, ಬಾರಿಸಿದರೆ ಹಲಗೆಯಂತೆ ಸದ್ದು ಮಾಡುವಷ್ಟು ಒಣಗಿದ್ದವು. ಈ ಗಟ್ಟಿ ರೊಟ್ಟಿ ಮುರಿಯಲು ಅವಳ ಕೈಯಲ್ಲಿ ಶಕ್ತಿ ಇಲ್ಲ, ಏಳಲು ಕಾಲಲ್ಲಿ ಶಕ್ತಿ ಇಲ್ಲ. ಮನೆಯಲ್ಲಿ ಇಷ್ಟೆಲ್ಲ ಇಟ್ಟುಕೊಂಡೇ ಉಪವಾಸ ಕೂತಿದ್ದಳು.

ಬೇಳೆ ಮೂಸಿ ನೋಡಿದೆ, ಕೆಟ್ಟಿರಲಿಲ್ಲ. ಮೆಂತ್ಯದ ಹಳದಿ ಎಲೆ ಆರಿಸಿ ತೆಗೆದು ಹಸಿರನ್ನು ಮೂರು ನೀರಿನಲ್ಲಿ ತೊಳೆದೆ. ಒಂದೇ ಚಮಚ ಎಣ್ಣೆಗೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕಿ ವಾಸನೆ ಬಿಡುವ ತನಕ ಹುರಿದು, ಒಂದು ಉಳ್ಳಾಗಡ್ಡಿ, ಮೇಲೆ ಮೆಂತ್ಯ, ಹೆಸರು, ಬೇಳೆ, ಎರಡು ತಂಬಿಗೆ ನೀರು. ಕಿವುಚಿದ ಹುಣಸೆ ಸ್ವಲ್ಪ. ಕುದಿಯತೊಡಗಿದ ಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿದೆ. ಡಬ್ಬಿ ಖಾಲಿ. ಡಾಕ್ಟರ್ ಮಾತಿಗೆ ಹೆದರಿ ಮಗಳು ಇದ್ದ ಉಪ್ಪನ್ನೆಲ್ಲ ತೆಗೆದು ಡಬ್ಬಿ ತೊಳೆದು ಇಟ್ಟಿದ್ದಳು.

ಗೋಡೆಯ ಆ ಬದಿಗೆ, ಒಂದು ಮೊಳ ದೂರದಲ್ಲಿ, ನನ್ನ ಉಪ್ಪಿನ ಡಬ್ಬಿ ಇತ್ತು. ಒಂದು ಚಿಟಿಕೆ. ಯಾರಿಗೆ ಗೊತ್ತಾಗುತ್ತಿತ್ತು? ಕೈ ತಡೆಯಿತು. ಆಣೆ ನನ್ನದಲ್ಲದಿದ್ದರೂ ಅದನ್ನು ಕಾಯುವ ಕೆಲಸ ಆ ಹೊತ್ತಿಗೆ ನನ್ನ ಪಾಲಿಗೆ ಬಂದಿತ್ತು. ಆಮೇಲೆ ಹೊಳೆಯಿತು, ಹಿಂಡಿಯಲ್ಲಿ ಉಪ್ಪು ಇದ್ದೇ ಇರುತ್ತದೆ. ಅವಳೇ ಕುಟ್ಟಿದ ಹಿಂಡಿ, ಅವಳದೇ ಉಪ್ಪು. ಅಗಸೆ ಹಿಂಡಿ ಎರಡು ಚಮಚ ಕದಡಿದೆ. ಅಷ್ಟೇ ಉಪ್ಪು, ಡಾಕ್ಟರಿಗೂ ಒಪ್ಪಿಗೆ, ದೇವರಿಗೂ ಒಪ್ಪಿಗೆ.

ನಾಲ್ಕು ರೊಟ್ಟಿಯನ್ನು ಬೆರಳಗಲ ಚೂರು ಮಾಡಿ ಅದರಲ್ಲಿ ಹಾಕಿದೆ. ಉರಿ ಸಣ್ಣಗೆ ಮಾಡಿ, ಮುಚ್ಚಲು ಬೇರೆ ಏನೂ ಸಿಗಲಿಲ್ಲವೆಂದು, ಆ ಬೋಗುಣಿಯನ್ನೇ ಬೋರಲು ಹಾಕಿದೆ. ಹತ್ತು ನಿಮಿಷಕ್ಕೆ ಹಲಗೆಯಂಥ ರೊಟ್ಟಿ ಬೇಳೆಯ ಕಟ್ಟನ್ನೆಲ್ಲ ಕುಡಿದು, ಹಲ್ಲಿಲ್ಲದವರೂ ತಿನ್ನುವ ಹಾಗೆ ಮೆತ್ತಗಾಯಿತು. ಮಜ್ಜಿಗೆಗೆ ನೀರು ಬೆರೆಸಿ, ಶುಂಠಿ ಜಜ್ಜಿ ಹಾಕಿ ತಿಳಿ ಮಾಡಿದೆ.

ಗಂಗಾಳದಲ್ಲಿ ಬಡಿಸಿ ತಂದುಕೊಟ್ಟೆ. ಮೊದಲ ತುತ್ತನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಉಗುಳುತ್ತಾಳೇನೋ ಅಂದುಕೊಂಡೆ. ನುಂಗಿದಳು. ಎರಡನೆಯದು, ಮೂರನೆಯದು.

"ನೀನೂ ಉಣ್ಣು" ಎಂದಳು.

ನನ್ನ ಮನೆಯಲ್ಲಿ ಊಟ ತಯಾರಿದೆ ಎನ್ನಬಹುದಾಗಿತ್ತು, ಅನ್ನಲಿಲ್ಲ. ಪಾತ್ರೆಯಲ್ಲಿ ಉಳಿದದ್ದನ್ನು ಅವಳಿಗೆ ಬೇಕಾದೀತೆಂದು ಹಾಗೇ ಬಿಟ್ಟು, ಬುಟ್ಟಿಯಲ್ಲಿದ್ದ ಐದನೆಯ ಒಣ ರೊಟ್ಟಿ ತೆಗೆದುಕೊಂಡೆ. ಉಳ್ಳಾಗಡ್ಡಿ ಜಜ್ಜಿಕೊಂಡು ನೆಲಕ್ಕೆ ಕೂತೆ. ಅಡುಗೆಮನೆಯ ಬಾಗಿಲಿನಿಂದ ಅವಳ ಮಂಚ ಕಾಣುತ್ತಿತ್ತು, ನಾನು ಅವಳಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿದ್ದೆ. ಬೇಕೆಂದು ಅಲ್ಲ. ಆ ಮನೆಯಲ್ಲಿ ನನ್ನ ಮೈಗೆ ಬೇರೆ ರೀತಿ ಕೂರುವುದು ಗೊತ್ತಿರಲಿಲ್ಲ.

"ಅಕ್ಕಾ, ಈ ಕಡಿ ತಿರಗು."

ತಿರುಗಿದೆ.

"ಕೈಯಾಗ ಏನೈತಿ?"

"ರೊಟ್ಟಿ."

"ಯಾವತ್ತಿಂದು?"

"ಬುಟ್ಟ್ಯಾಗಿಂದು. ಮೊನ್ನೆ ನಿನ್ನ ಮಗಳು ಮಾಡಿದ್ದು."

ಅವಳ ಕೈ ಗಂಗಾಳದ ಮೇಲೆಯೇ ನಿಂತಿತು. ಒಮ್ಮೆ ಒಲೆಯ ಬದಿಗೆ ಇಟ್ಟಿದ್ದ ಬೋಗುಣಿಯನ್ನು, ಒಮ್ಮೆ ನನ್ನ ಕೈಯಲ್ಲಿದ್ದ ತುಂಡನ್ನು ನೋಡಿದಳು.

"ಅವಾಗನೂ ಇದ ಇತ್ತೇನ, ಬೋಗುಣಿ ಕೆಳಗ?"

"ಹೂಂ."

"ದಿನಾ?"

"ದಿನಾ."

"ಮತ್ತ ನನ್ನ ಕೂಸಿಗಿ ಯಾಕ ಹೊಡದಿ?"

"ಅವತ್ತಿನ ರೊಟ್ಟಿಗಿ ಬೂಸು ಬಂದಿತ್ತು. ಮಳಿಗಾಲ ನೋಡು."

ಗಂಗಾಳವನ್ನು ಮಂಚದ ಮೇಲೆ ಇಟ್ಟಳು. ಮತ್ತೆ ನಕ್ಕಳು, ಕೆಮ್ಮು ಬರುವ ತನಕ ನಕ್ಕಳು. "ನಾ ತುಪ್ಪ ಅಂತಿದ್ದೆನಲ್ಲೇ ಯವ್ವಾ. ಇಷ್ಟ್ ವರ್ಷ ತುಪ್ಪ ಅಂತ ಹೊಟ್ಟಿ ಉರಕೊಂಡೆ." ನಗುತ್ತಲೇ ಕಣ್ಣೀರು ಸುರಿಯತೊಡಗಿತು. "ನಿನಗ ಬಾಯಿ ಇರಲಿಲ್ಲೇನ? ಹೇಳಬಾರದಾಗಿತ್ತೇನ?"

"ಬಾಯಿ ಇತ್ತು. ಸೊಕ್ಕೂ ಇತ್ತು" ಎಂದೆ.

ಅಷ್ಟು ಹೇಳುವುದರೊಳಗೆ ನನಗೂ ಅಳು ಬಂತು. ನಾನು ಅಳುವವಳಲ್ಲ, ಅತ್ತೆ ಸತ್ತಾಗಲೂ ಎಲ್ಲರಿಗೆ ಚಹಾ ಮಾಡುತ್ತ ನಿಂತವಳು. ಅವತ್ತು ಒಣ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಕೂಸಿನ ಹಾಗೆ ಅತ್ತುಬಿಟ್ಟೆ. ಕೂಡಿ ಉಣ್ಣಬಹುದಾಗಿದ್ದ ಹದಿನಾರು ವರ್ಷದ ಊಟ ಹಾಳು ಮಾಡಿಕೊಂಡಿದ್ದೆವು, ಇಬ್ಬರೂ ಸೇರಿ.

ಮೈದುನ ಬಂದ ಮೇಲೂ ನಾನು ದಿನಾ ಸಂಜೆ ಹೋಗುವುದು ತಪ್ಪಲಿಲ್ಲ. ಹೋದವಳೇ ಫ್ರಿಜ್ಜು, ಬುಟ್ಟಿ, ಡಬ್ಬಿ ತಡಕುವುದು. ಅವಳು ಮಂಚದ ಮೇಲಿಂದ "ಇವತ್ತ ಏನ್ ಉಳದೈತಿ?" ಎನ್ನುವುದು. ಉಳಿದ ಹೀರೇಕಾಯಿ ಪಲ್ಯಕ್ಕೆ ಜೋಳದ ನುಚ್ಚು ಹಾಕಿ ಒಂದು ದಿನ ಬೇಯಿಸಿದೆ. ಖಾಲಾ ಕೊಟ್ಟು ಹೋದ ಪುಂಡಿಸೊಪ್ಪಿಗೆ ಹಿಂದಿನ ದಿನದ ಕಡಲೆಬೇಳೆ ಸೇರಿಸಿ ಒಂದು ದಿನ. ಖಾಲಾನ ಮನೆಯದು ನಡೆಯುತ್ತಿತ್ತು, ನನ್ನ ಮನೆಯದೇ ನಡೆಯುತ್ತಿರಲಿಲ್ಲ. ಅವಳ ಬಾಯಿಗೆ ಸ್ವಲ್ಪ ರುಚಿ ಮರಳಿತು, ಕಾಲಿನ ಬಾವು ಇಳಿದಂತೆ ಕಂಡಿತು. ನನ್ನ ಅಡುಗೆಯಿಂದಲೇ ಹುಷಾರಾಗುತ್ತಾಳೆ ಎಂದು ನಾನು ಓಣಿಯಲ್ಲಿ ಎದೆಯುಬ್ಬಿಸಿ ತಿರುಗಿದೆ. ನನ್ನ ಬುದ್ಧಿಯೇ ಹಾಗೆ, ಒಂದು ಹನಿ ಬಿದ್ದರೆ ಕೆರೆ ತುಂಬಿತು ಎನ್ನುವುದು.

ಒಂದು ಮಂಗಳವಾರದ ಸಂಜೆ ಅವಳು ಒಂದು ವಾಟಗ ನೀರು ತರಲು ಹೇಳಿದಳು. ಮೈದುನನಿಂದ ಉಪ್ಪು ತರಿಸಿಟ್ಟುಕೊಂಡಿದ್ದಳು. ಒಂದು ಚಿಟಿಕೆ ನೀರಿಗೆ ಬಿಟ್ಟು ಬೆರಳಿನಿಂದ ತಿರುವಿದಳು. "ಈ ಉಪ್ಪು ಕರಗಿದಂಗ ನನ್ನ ಆಣಿ ಕರಗಲಿ, ನನ್ನ ಮಗಳಿಗಿ ಏನೂ ಹತ್ತಬ್ಯಾಡ" ಎಂದು ಮೂರು ಸಲ ಹೇಳಿ, ನನ್ನ ಕೈಯಿಂದ ಆ ನೀರನ್ನು ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿಸಿದಳು.

"ಇಂಥಾ ಶಾಸ್ತ್ರ ಎಲ್ಲೈತಿ?" ಎಂದೆ.

"ಎಲ್ಲೂ ಇಲ್ಲ. ಆಣಿ ಹಾಕಿದಾಕಿ ನಾ, ಬಿಡಿಸಿಕೊಳ್ಳಾಕಿನೂ ನಾ. ಹೋಗು, ನಿನ್ನ ಮನಿ ರೊಟ್ಟಿ ತಗೊಂಬಾ. ಬಿಸೀದು ಬ್ಯಾಡ. ತಂಗಳದ ಬೇಕು. ನೀ ಅಷ್ಟು ವರ್ಷ ತಿಂದದ್ದು ಹೆಂಗಿರತೈತಿ ನೋಡತೇನಿ."

ನನ್ನ ಮನೆಯಲ್ಲಿ ತಂಗಳು ಎಲ್ಲಿಯದು? ಹದಿನಾರು ವರ್ಷದಿಂದ ದನಕ್ಕೆ ಹಾಕುತ್ತ ಬಂದವಳು, ಅವತ್ತು ಬೆಳಗ್ಗೆಯೂ ಹಾಕಿದ್ದೆ. ಬಿಸಿ ರೊಟ್ಟಿಯನ್ನೇ ಮಾಡಿ ಕೊಡುತ್ತೇನೆ, ತಿನ್ನು ಎಂದೆ. ಒಪ್ಪಲಿಲ್ಲ. ಹಠದಲ್ಲಿ ನಾವಿಬ್ಬರೂ ಒಂದೇ ತಕ್ಕಡಿ.

"ಹಂಗಾರ ಇವತ್ತ ಮಾಡಿ ಇಡು. ನಾಳೆ ಅದ ತಂಗಳಾಗತೈತಿ. ಬೋಗುಣಿ ಒಯ್ಯಿ, ಅದರ ಕೆಳಗ ಇಡು" ಎಂದಳು.

ಬೋಗುಣಿ ತಂದೆ. ಅವತ್ತು ಸಂಜೆ ರೊಟ್ಟಿ ಬಡಿದೆ. ಆ ಬದಿಯಿಂದ ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ಗೊತ್ತಿತ್ತು, ಅದಕ್ಕೇ ಜೋರಾಗಿ ಬಡಿದೆ. ಎರಡು ರೊಟ್ಟಿ ಅವಳ ಪಾಲಿಗೆ ತೆಗೆದು, ಅರಿವೆ ಸುತ್ತಿ, ಬೋಗುಣಿ ಮುಚ್ಚಿದೆ. ತಂಗಳಾಗಲಿ ಎಂದು ಯಾರಾದರೂ ರೊಟ್ಟಿ ಮಾಡುತ್ತಾರೆಯೇ ಎಂದು ನಮ್ಮವರು ನಕ್ಕರು. ನಾನೂ ನಕ್ಕೆ.

ಬೆಳಗ್ಗೆ ಚಹಾಕ್ಕೆ ನೀರು ಇಟ್ಟಿದ್ದೆ. ಗೋಡೆಯ ಮೇಲೆ ಆ ಬದಿಯಿಂದ ಯಾರೋ ದಬದಬ ಬಡಿದರು. ಅದು ರೊಟ್ಟಿಯ ಸದ್ದಲ್ಲ. ಮೈದುನ ಎರಡೂ ಅಂಗೈಯಿಂದ ಗೋಡೆ ಬಡಿಯುತ್ತಿದ್ದ. "ವೈನಿ, ಲಗೂನ ಬರ್ರಿ, ಏಳವಲ್ಲಳು" ಎಂದು ಕೂಗುತ್ತಿದ್ದ. ಹೋದೆ. ಮೈ ಇನ್ನೂ ಬೆಚ್ಚಗಿತ್ತು. ಎಬ್ಬಿಸಿದೆ, ಬೈದೆ, ಏಳಲಿಲ್ಲ.

ಇಷ್ಟು ದಿನ ಕಳೆದರೂ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ಅವಳು ಬೇಡವೆಂದರೂ ಆ ಸಂಜೆ ಒಂದು ಬಿಸಿ ರೊಟ್ಟಿ ಒಯ್ದು ಬಾಯಿಗೆ ತುರುಕಬೇಕಾಗಿತ್ತು. ಬೈದುಕೊಂಡೇ ತಿನ್ನುತ್ತಿದ್ದಳು. ಅವಳ ಮಾತು ಮೀರದ ಒಳ್ಳೆಯವಳಾಗಲು ಹೋದೆ, ಅದೂ ಅವತ್ತೇ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಸೂತಕ ನಮಗೂ ಬರುವುದರಿಂದ ಗೋಡೆಯ ಎರಡೂ ಬದಿಯ ಒಲೆ ಆರಿದವು. ಮಣ್ಣು ಮಾಡಿ ಬಂದ ಮೇಲೆ ಓಣಿಯವರು ಬುತ್ತಿ ತಂದರು. ಖಾಲಾ ಒಂದು ಪಾತ್ರೆ ತುಂಬ ಬಿಸಿ ಅನ್ನ, ಸಾರು ತಂದು ಅವಳ ಪಡಸಾಲೆಯಲ್ಲಿ ಇಟ್ಟು, ತಾವೇ ಎಲ್ಲರಿಗೂ ಬಡಿಸಿದರು. ನನಗೂ ತಟ್ಟೆ ಹಾಕಿದರು. ನಾನು ಎದ್ದು ನಮ್ಮ ಮನೆಗೆ ಹೋಗಿ, ಬೋಗುಣಿ ಎತ್ತಿ, ಆ ಎರಡು ರೊಟ್ಟಿ ತಂದೆ. ಸರಿಯಾಗಿ ತಂಗಳಾಗಿದ್ದವು. ಈ ಸಲ ಗೋಡೆಗೆ ಮುಖ ಮಾಡಲಿಲ್ಲ. ಪಡಸಾಲೆಯ ನಡುವೆ, ಎಲ್ಲರ ಎದುರಿಗೆ, ಅವಳ ಖಾಲಿ ಮಂಚದ ಪಕ್ಕದಲ್ಲಿ ಕೂತೆ.

ಮುದ್ದೇಬಿಹಾಳದಿಂದ ಬಂದಿದ್ದ ಮಗಳು, ಅತ್ತು ಅತ್ತು ಕಣ್ಣು ಮುಚ್ಚಿಹೋಗಿದ್ದವಳು, ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು.

"ದೊಡ್ಡವ್ವ, ಬಿಸಿ ಊಟ ಬಿಟ್ಟು ಏನ್ ತಿನ್ನಾಕತ್ತಿ?"

ಹದಿನಾರು ವರ್ಷದ ಹಿಂದೆ ಸ್ಟೂಲಿನ ಮೇಲೆ ನಿಂತು ಕೇಳಿದ ಕೂಸೇ ಅದು.

"ನಿಮ್ಮವ್ವನ ಸಲುವಾಗಿ ಇಟ್ಟಿದ್ದೆ" ಎಂದೆ.

ಅವಳು ನನ್ನ ಪಕ್ಕದಲ್ಲಿ ಕೂತು ಕೈ ಚಾಚಿದಳು. "ನನಗೂ ಕೊಡ" ಎಂದಳು. ಒಂದು ರೊಟ್ಟಿಯನ್ನು ಪೂರ್ತಿ ಅವಳ ಕೈಗೆ ಕೊಟ್ಟೆ.